ಹದಿನಾರು ಪೆಟ್ಟಿಗೆಗಳ ಲೆಕ್ಕ: ‘ದಿ ವೈಲ್ಡ್ ಬಂಚ್’ ಚಿತ್ರವನ್ನು ಬಿಡಿಸಿ ನೋಡುವ ಕ್ರಮ

ಕಾಲ ಬದಲಾಗುವಾಗ ಸಿಕ್ಕಿಬಿದ್ದ ದರೋಡೆಕೋರರ ಚಿತ್ರದ ಬಗ್ಗೆ ಬರೆಯಲು ಕೂತವರು ಮೊದಲ ಸಾಲಿನಲ್ಲೇ ಎಡವುವುದು ಹೆಚ್ಚು. ‘ಕಾಲ ಬದಲಾಯಿತು, ಇವರು ಬದಲಾಗಲಿಲ್ಲ’ ಎಂದು ಬರೆದು ಮುಂದೆ ಸಾಗುತ್ತಾರೆ. ಆದರೆ ಅದು ವಿಶ್ಲೇಷಣೆಯಲ್ಲ. ಅದನ್ನು ಚಿತ್ರವೇ ಬಾಯಿಬಿಟ್ಟು ಹೇಳುತ್ತದೆ: ತಂಡದ ನಾಯಕ ಪೈಕ್ ಬಿಷಪ್, ‘ಬಂದೂಕಿನಾಚೆಗೆ ಯೋಚಿಸಬೇಕು, ಆ ದಿನಗಳು ಮುಗಿಯುತ್ತ ಬಂದವು’ ಎನ್ನುವ ಅರ್ಥದ ಮಾತು ಆಡುತ್ತಾನೆ. ಪಾತ್ರ ಹೇಳಿದ್ದನ್ನೇ ನಾವು ತಿರುಗಿಸಿ ಹೇಳಿದರೆ ಓದುವವರಿಗೆ ಸಿಗುವುದೇನು? ಸ್ಯಾಮ್ ಪೆಕಿನ್‌ಪಾ 1969ರಲ್ಲಿ ತೆಗೆದ ಈ ಚಿತ್ರದಲ್ಲಿ ಬದಲಾವಣೆ ಇರುವುದು ಮಾತಿಗಿಂತ ಹೆಚ್ಚಾಗಿ ಸಾಮಾನಿನಲ್ಲಿ. ಯಾವ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬೆನ್ನು ಹತ್ತಿದರೆ ಚಿತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಲಬುರಗಿ, ಬೀದರ, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಸಿನಿಮಾ ಕೂಟ ನಡೆಸುವವರಿಗೂ ಸೆಮಿನಾರಿಗೆ ಬರೆಯುವ ವಿದ್ಯಾರ್ಥಿಗಳಿಗೂ ಈ ಕ್ರಮ ಹೊಂದುತ್ತದೆ.

ಪದದ ಬಗ್ಗೆ ಒಂದು ಮಾತು. ‘ವೆಸ್ಟರ್ನ್’ ಎಂಬುದನ್ನು ‘ಪಾಶ್ಚಾತ್ಯ ಚಿತ್ರ’ ಎಂದು ಕನ್ನಡಿಸಬೇಡಿ. ಹಾಗೆ ಬರೆದರೆ ಯುರೋಪು ಅಮೆರಿಕದ ಚಿತ್ರಗಳೆಲ್ಲ ಅದರೊಳಗೆ ಬಂದುಬಿಡುತ್ತವೆ. ವೆಸ್ಟರ್ನ್ ಎಂದರೆ ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆ ಹೇಳುವ ಒಂದು ಪ್ರಕಾರ, ನಮ್ಮಲ್ಲಿ ಪೌರಾಣಿಕ ಚಿತ್ರ ಎನ್ನುವಂತೆ. ವೆಸ್ಟರ್ನ್ ಎಂದೇ ಬರೆಯಿರಿ.

ಮೊದಲು ಪ್ರತಿ ಸರಿಯಿದೆಯೇ ನೋಡಿ

ಈ ಚಿತ್ರ ಒಂದಕ್ಕಿಂತ ಹೆಚ್ಚು ಉದ್ದಗಳಲ್ಲಿ ಓಡಾಡುತ್ತಿದೆ. ಪೂರ್ತಿ ಪ್ರತಿ ಸುಮಾರು 145 ನಿಮಿಷ. 1969ರಲ್ಲಿ ಬಿಡುಗಡೆಯಾದ ಮೇಲೆ ಅಮೆರಿಕದಲ್ಲಿ ಅದನ್ನು ಸುಮಾರು ಹತ್ತು ನಿಮಿಷ ಕತ್ತರಿಸಿ ತೋರಿಸಿದರು, ಆ ಮೊಟಕು ಪ್ರತಿಯೂ ಉಳಿದುಕೊಂಡಿದೆ. ನಿಮ್ಮ ಬಳಿಯದು 139 ನಿಮಿಷ ತೋರಿಸಿದರೆ ಗಾಬರಿಯಾಗಬೇಡಿ. ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮಿನ) ಚಿತ್ರ 25ರ ವೇಗದಲ್ಲಿ ಓಡುತ್ತದೆ, ಹಾಗಾಗಿ 145 ನಿಮಿಷದ್ದು 139ಕ್ಕೆ ಮುಗಿಯುತ್ತದೆ. ಏನೂ ಕತ್ತರಿಸಿರುವುದಿಲ್ಲ. 135ರ ಆಸುಪಾಸು ಇದ್ದರೆ ಮಾತ್ರ ಪರೀಕ್ಷಿಸಿ: ಪೈಕ್ ಮತ್ತು ಅವನ ಹಳೆಯ ಜೊತೆಗಾರ ಡೀಕ್ ಥಾರ್ನ್‌ಟನ್ ವೇಶ್ಯಾಗೃಹದಲ್ಲಿರುವಾಗ ಕಾನೂನಿನವರು ನುಗ್ಗಿ, ಪೈಕ್ ಪಾರಾಗಿ ಥಾರ್ನ್‌ಟನ್ ಸಿಕ್ಕಿಬೀಳುವ ಹಿನ್ನೋಟದ ದೃಶ್ಯ ಇದೆಯೇ? ಇಲ್ಲವಾದರೆ ಆ ಪ್ರತಿ ಬಿಡಿ. ಅದಿಲ್ಲದೆ ಥಾರ್ನ್‌ಟನ್ ಯಾಕೆ ಬೆನ್ನಟ್ಟುತ್ತಾನೆ, ಪೈಕನ ಮುಖದಲ್ಲಿ ಯಾವ ತಪ್ಪಿನ ಭಾರ ಇದೆ ಎಂಬುದೇ ತಿಳಿಯುವುದಿಲ್ಲ.

ಇನ್ನೊಂದು, ಚಿತ್ರದ ಅಗಲ. ಇದು ಪನಾವಿಷನ್ ಎಂಬ ಅಗಲ ತೆರೆಯ ಚಿತ್ರ, ಅಗಲ ಎತ್ತರದ 2.35 ಪಟ್ಟು. ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲೇಬೇಕು. ಪಟ್ಟಿ ಕಂಡರೆ ಯಾರಾದರೊಬ್ಬರು ರಿಮೋಟ್ ಹಿಡಿದು ಜೂಮ್ ಒತ್ತುತ್ತಾರೆ. ಅಲ್ಲಿಗೆ ಎರಡೂ ಬದಿಯ ಮನುಷ್ಯರು ಮಾಯ. ಕೊನೆಯ ಕಾಳಗಕ್ಕೆ ತಂಡದ ನಾಲ್ವರು ಸಾಲಾಗಿ ನಡೆದು ಬರುವ ದೃಶ್ಯದಲ್ಲಿ ಇಬ್ಬರು ಉಳಿದರೆ ಯಾವ ವಿಶ್ಲೇಷಣೆ ಮಾಡುತ್ತೀರಿ? ಪ್ರೊಜೆಕ್ಟರಿನಲ್ಲಿ ತೋರಿಸುವವರು ಪರದೆಯ ಅಗಲ 10 ಅಡಿ ಇದ್ದರೆ ಚಿತ್ರದ ಎತ್ತರ ಸುಮಾರು 4 ಅಡಿ 3 ಅಂಗುಲ ಬರುತ್ತದೆ ಎಂದು ಲೆಕ್ಕ ಹಾಕಿ ಕುರ್ಚಿ ಹಾಕಿಸಿ. ಹಿಂದಿನ ಸಾಲಿನವರಿಗೆ ಮುಂದಿನವರ ತಲೆ ಅಡ್ಡ ಬರುವುದು ಇಂಥ ಅಗಲ ಚಿತ್ರಗಳಲ್ಲೇ ಹೆಚ್ಚು, ಆದ್ದರಿಂದ ಪರದೆಯನ್ನು ಎತ್ತರಕ್ಕೆ ಕಟ್ಟಿ. ರಕ್ತವೂ ಬೆತ್ತಲೆಯೂ ಇರುವ ಚಿತ್ರ. ಪಿಯು ಮಕ್ಕಳನ್ನು ಕೂರಿಸಬೇಡಿ.

ಇಂಟರ್ವಲ್ ಬೇಕೇಬೇಕು ಎಂದರೆ, ಮೆಕ್ಸಿಕೋದ ಜನರಲ್ ಮಪಾಚೆಯ ಜೊತೆ ಬಂದೂಕಿನ ವ್ಯಾಪಾರ ಕುದುರಿದ ಮೇಲೆ, ರೈಲು ದರೋಡೆ ಶುರುವಾಗುವ ಮೊದಲು ನಿಲ್ಲಿಸಿ. ರೈಲು ದರೋಡೆಯಿಂದ ಸೇತುವೆ ಸ್ಫೋಟದವರೆಗೆ ಒಂದೇ ಉಸಿರು. ನಡುವೆ ಚಹಾ ಕುಡಿಯಲು ಎದ್ದರೆ ಕೆಟ್ಟಿತು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಕೊನೆಯ ಕಾಳಗದ ನಡುವೆ ಹೋದರೆ, ನಿಂತಲ್ಲಿಂದ ಮುಂದುವರಿಸದೆ ನಾಲ್ವರ ನಡಿಗೆಯಿಂದ ಮತ್ತೆ ಹಚ್ಚಿ.

ಮೂರು ಸಲ ನೋಡುವುದು

ಮೊದಲ ಸಲ ಪೆನ್ನು ಮುಟ್ಟಬೇಡಿ. ಮುಗಿದ ತಕ್ಷಣ ಹತ್ತು ನಿಮಿಷ ಕೂತು, ನೆನಪಿನಿಂದಲೇ ಐದು ವಸ್ತುಗಳ ಹೆಸರು ಬರೆಯಿರಿ. ಪಾತ್ರಗಳ ಹೆಸರು ಬೇಡ, ವಸ್ತುಗಳದೇ ಬೇಕು. ಎರಡನೆಯ ಸಲ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೂರನೆಯ ಸಲ ಪೂರ್ತಿ ಚಿತ್ರ ಬೇಡ. ಎರಡು ನಿಮಿಷದ ಒಂದು ತುಣುಕು ಸಾಕು, ಆದರೆ ಒಂದೊಂದು ಶಾಟನ್ನೂ, ಅಂದರೆ ಒಂದು ಕಟ್ಟಿನಿಂದ ಮುಂದಿನ ಕಟ್ಟಿನವರೆಗಿನ ತುಂಡನ್ನೂ, ಬಿಡಿಸಿ.

ಎರಡನೆಯ ನೋಟಕ್ಕೆ ಉದ್ದ ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡ ಹಿಡಿದು ಐದು ಕಾಲಂ ಗೆರೆ ಹಾಕಿ: ಸಮಯ, ವಸ್ತು, ಯಾರ ಕೈಯಲ್ಲಿದೆ, ಯಾರಿಂದ ಬಂತು, ಏನಕ್ಕೆ ಬಳಕೆಯಾಯಿತು. ಕೊನೆಯ ಕಾಲಂ ಅಗಲ ಇರಲಿ. ಒಂದೇ ವಸ್ತು ಎರಡನೆಯ ಸಲ ಬಂದಾಗ ಹೊಸ ಸಾಲು ಹಾಕಿ, ಹಳೆಯ ಸಾಲಿನ ಸಂಖ್ಯೆಯನ್ನು ಪಕ್ಕಕ್ಕೆ ಬರೆಯಿರಿ.

ಸಾಮಾನು ಏನು ಹೇಳುತ್ತದೆ

ಕಥೆ ನಡೆಯುವುದು 1913ರ ಸುಮಾರಿಗೆ, ಟೆಕ್ಸಾಸ್ ಮತ್ತು ಮೆಕ್ಸಿಕೋ ಗಡಿಯಲ್ಲಿ. ಆಗ ಮೆಕ್ಸಿಕೋದಲ್ಲಿ ಕ್ರಾಂತಿ ನಡೆದಿದೆ. ಅಧ್ಯಕ್ಷ ಹುಯೆರ್ತಾನ ಸರ್ಕಾರಿ ಸೇನೆ ಒಂದು ಕಡೆ, ಪಾಂಚೊ ವಿಲ್ಲಾನಂಥ ಬಂಡಾಯಗಾರರು ಇನ್ನೊಂದು ಕಡೆ. ಮಪಾಚೆ ಸರ್ಕಾರದ ಕಡೆಯವನು. ಈ ಹಿನ್ನೆಲೆಯನ್ನು ಎರಡು ಸಾಲಿಗಿಂತ ಹೆಚ್ಚು ಬರೆಯಬೇಡಿ, ಇತಿಹಾಸದ ಪ್ರಬಂಧವಾಗಿಬಿಡುತ್ತದೆ.

ಪಟ್ಟಿಯ ಮೊದಲ ಸಾಲು ಸಮವಸ್ತ್ರ. ಚಿತ್ರ ಶುರುವಾಗುವಾಗ ಊರೊಳಗೆ ಕುದುರೆ ಏರಿ ಬರುವವರು ಅಮೆರಿಕ ಸೈನ್ಯದ ಉಡುಪಿನಲ್ಲಿದ್ದಾರೆ. ಒಬ್ಬ ಮುದುಕಿಯ ಗಂಟನ್ನು ಹೊರಲು ನೆರವಾಗುತ್ತಾರೆ. ಅವರೇ ಕಳ್ಳರು. ಛಾವಣಿಯ ಮೇಲೆ ಹರಕು ಬಟ್ಟೆಯಲ್ಲಿ ಕೂತು ಹೆಣದ ಬೂಟಿಗಾಗಿ ಕಾದಿರುವವರು ಕಾನೂನಿನ ಕಡೆಯವರು, ಬಹುಮಾನದ ಹಣಕ್ಕಾಗಿ ಕಳ್ಳರನ್ನು ಬೇಟೆಯಾಡಲು ರೈಲು ಕಂಪನಿ ಕೂಲಿಗೆ ಹಿಡಿದವರು. ಮುಂದೆ ರೈಲಿನಲ್ಲಿ ನಿಜವಾದ ಸೈನಿಕರು ಬರುತ್ತಾರೆ, ಅವರು ಪಳಗದ ಹುಡುಗರು. ಮೂರು ಕಡೆ ಉಡುಪು, ಮೂರು ಕಡೆಯೂ ಉಡುಪಿಗೂ ಅದರೊಳಗಿನವರಿಗೂ ಹೊಂದಿಕೆಯಿಲ್ಲ. ಹೀಗೆ ಒಂದು ವಸ್ತು ಮೂರು ಕಡೆ ಸಿಕ್ಕರೆ ಒಂದು ಪ್ಯಾರಾ ಸಿದ್ಧವಾಯಿತು.

ಎರಡನೆಯದು ವಾಷರ್. ರೈಲು ಕಚೇರಿಯಿಂದ ಹೊತ್ತು ತಂದ ಚೀಲ ಬಿಚ್ಚಿದರೆ ಬೆಳ್ಳಿಯ ಬದಲು ಕಬ್ಬಿಣದ ವಾಷರ್‌ಗಳು. ಬೀದಿ ತುಂಬ ಹೆಣ ಬಿದ್ದದ್ದು ಇದಕ್ಕೆ. ಇಲ್ಲಿ ಹಲವರು ‘ದರೋಡೆಕೋರರು ಮೋಸಹೋದರು’ ಎಂದು ಬರೆದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ. ಆ ಚೀಲ ತುಂಬಿದವರು ಯಾರು? ರೈಲು ಕಂಪನಿಯ ಹ್ಯಾರಿಗನ್. ಊರಿನ ನಡುವೆ, ಮದ್ಯ ವಿರೋಧಿ ಮೆರವಣಿಗೆ ಹೊರಟ ಹೊತ್ತಿಗೆ, ಜನರಿಗೆ ಒಂದು ಮಾತೂ ಹೇಳದೆ ಬೋನು ಹೂಡಿದವನು. ರೈಲು ಎಂದರೆ ನಮಗೆ ಹೊಟ್ಟೆಪಾಡಿಗೆ ಊರು ಬಿಡಿಸಿ ಮತ್ತೆ ಊರಿಗೆ ತಂದು ಬಿಡುವ ಗಾಡಿ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿದ್ದದ್ದು 1874ರಲ್ಲಿ. ಹಳಿ ಬಂದ ಕಡೆ ತಂತಿ, ಕಚೇರಿ, ಸಂಬಳದ ಪೆಟ್ಟಿಗೆ, ಕಾವಲು ಎಲ್ಲವೂ ಬರುವುದನ್ನು ಇಲ್ಲಿನವರೂ ಕಂಡಿದ್ದಾರೆ. ವೆಸ್ಟರ್ನ್ ಚಿತ್ರಗಳಲ್ಲಿ ರೈಲನ್ನು ಬರೀ ಗಾಡಿಯಾಗಿ ನೋಡಬೇಡಿ, ಆ ಕಚೇರಿಯಾಗಿ ನೋಡಿ. ಕಚೇರಿಗೆ ಸಿಟ್ಟಿಲ್ಲ, ಲೆಕ್ಕ ಇದೆ.

ಪಿಸ್ತೂಲಿಗೆ ಬಂದಾಗ ನಿಮ್ಮ ಸಿದ್ಧ ವಾದ ಮುರಿಯುತ್ತದೆ. ಪೈಕನ ಕೈಯಲ್ಲಿರುವುದು ಹಳೆಯ ರಿವಾಲ್ವರ್ ಅಲ್ಲ, 1911ರ ಮಾದರಿಯ ಆಟೊಮ್ಯಾಟಿಕ್ ಪಿಸ್ತೂಲು, ಅಂದಿಗೆ ಹೊಚ್ಚ ಹೊಸದು. ಅಂದರೆ ಇವರು ಹೊಸ ಯಂತ್ರಕ್ಕೆ ಹೆದರಿ ಹಳೆಯದಕ್ಕೆ ಜೋತುಬಿದ್ದವರಲ್ಲ; ಸಿಕ್ಕರೆ ಬಳಸುತ್ತಾರೆ, ವಿಮಾನದ ಸುದ್ದಿಯನ್ನೂ ಕುತೂಹಲದಿಂದ ಮಾತಾಡುತ್ತಾರೆ. ‘ಹಳಬರು ಮತ್ತು ಯಂತ್ರ’ ಎಂಬ ಸುಲಭದ ವಿರೋಧ ಇಲ್ಲಿ ನಿಲ್ಲುವುದಿಲ್ಲ. ಯಂತ್ರದ ಒಡೆಯ ಯಾರು ಎಂಬುದೇ ಪ್ರಶ್ನೆ.

ಕಾರು ಅದಕ್ಕೆ ಉತ್ತರ ಕೊಡುತ್ತದೆ. ಮಪಾಚೆಯ ಕೆಂಪು ಕಾರು ಮೊದಲ ಸಲ ಬಂದಾಗ ಊರೆಲ್ಲ ಬೆರಗಾಗಿ ನೋಡುತ್ತದೆ, ದರೋಡೆಕೋರರೂ ನೋಡುತ್ತಾರೆ. ಮುಂದೆ ಅದೇ ಕಾರಿನ ಹಿಂದೆ ಏಂಜೆಲ್ ಎಂಬ ಅವರ ತಂಡದ ಹುಡುಗನನ್ನು ಕಟ್ಟಿ ಬೀದಿಯಲ್ಲಿ ಎಳೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಈ ಎರಡು ಸಾಲುಗಳನ್ನು ಗೆರೆ ಎಳೆದು ಸೇರಿಸಿ. ಎರಡರಲ್ಲೂ ಮಕ್ಕಳು ಎಲ್ಲಿದ್ದಾರೆ ನೋಡಿ. ಚಿತ್ರ ಶುರುವಾಗುವುದೇ ಚೇಳುಗಳನ್ನು ಇರುವೆಗಳ ರಾಶಿಗೆ ಬಿಟ್ಟು ನಗುವ ಮಕ್ಕಳಿಂದ. ಮುಗಿಯುವ ಹೊತ್ತಿಗೆ ಪೈಕನಿಗೆ ಗುಂಡು ಹೊಡೆಯುವವರಲ್ಲಿ ಸೈನಿಕನ ಉಡುಪು ತೊಟ್ಟ ಒಬ್ಬ ಹುಡುಗನೂ ಇದ್ದಾನೆ.

ಈಗ ಪೆಟ್ಟಿಗೆಗಳು. ಮಪಾಚೆ ಹತ್ತು ಸಾವಿರ ಡಾಲರ್ ಚಿನ್ನಕ್ಕೆ ಅಮೆರಿಕ ಸೈನ್ಯದ ಬಂದೂಕಿನ ಪೆಟ್ಟಿಗೆಗಳನ್ನು ರೈಲಿನಿಂದ ಕದ್ದು ತರಲು ಹೇಳುತ್ತಾನೆ. ಪೆಟ್ಟಿಗೆಗಳು 16. ಏಂಜೆಲ್ ತನ್ನ ಪಾಲಿನ ಚಿನ್ನ ಬಿಟ್ಟುಕೊಟ್ಟು, ತನ್ನ ಹಳ್ಳಿಯವರಿಗೆ ಒಂದು ಪೆಟ್ಟಿಗೆ ಬಂದೂಕು, ಒಂದು ಪೆಟ್ಟಿಗೆ ಮದ್ದುಗುಂಡು ಕೇಳುತ್ತಾನೆ. ಮಪಾಚೆಗೆ ತಲುಪುವುದು 15. ಆ ಒಂದರ ಕೊರತೆಗಾಗಿ ಏಂಜೆಲ್ ಸಿಕ್ಕಿಬೀಳುತ್ತಾನೆ. ಅವನು ಕೊಂದಿದ್ದ ಹಳೆಯ ಪ್ರೇಯಸಿಯ ತಾಯಿಯೇ ಸುಳಿವು ಕೊಟ್ಟಿರುತ್ತಾಳೆ. ಅವನನ್ನು ಬಿಡಿಸಲು ಪೈಕ್ ಚಿನ್ನ ಕೊಡಲು ಬಂದರೂ ಮಪಾಚೆ ಒಪ್ಪುವುದಿಲ್ಲ. ಬಾಣದ ಗುರುತು ಹಾಕಿ ಈ ದಾರಿಯನ್ನು ಒಂದು ಹಾಳೆಯ ಮೇಲೆ ಬಿಡಿಸಿ: ಸೈನ್ಯ, ರೈಲು, ದರೋಡೆಕೋರರು, ಅಲ್ಲಿಂದ ಕವಲು, ಹದಿನೈದು ಒಂದು ಕಡೆ, ಒಂದು ಇನ್ನೊಂದು ಕಡೆ. ಚಿತ್ರದಲ್ಲಿ ಎಲ್ಲ ಸಾಮಾನೂ ಹಣಕ್ಕಾಗಿ ಕೈ ಬದಲಾಗುತ್ತದೆ, ಈ ಒಂದು ಪೆಟ್ಟಿಗೆ ಮಾತ್ರ ಯಾರದೋ ಸ್ವಂತ ಊರಿಗೆ ಹೋಗುತ್ತದೆ. ಕೊನೆಯ ಕಾಳಗಕ್ಕೆ ಕಾರಣ ಆ ಹದಿನಾರನೆಯದು. ‘ಮರ್ಯಾದೆಗಾಗಿ ಸತ್ತರು’ ಎಂದು ಬರೆಯುವ ಮೊದಲು ಈ ಬಾಣಗಳನ್ನು ಒಮ್ಮೆ ನೋಡಿ.

ಮೆಷಿನ್ ಗನ್ ಬಗ್ಗೆ ಒಂದು ಎಚ್ಚರಿಕೆ. ಚಿತ್ರದಲ್ಲಿ ಕಾಣುವುದು 1917ರ ಮಾದರಿಯ ಬ್ರೌನಿಂಗ್, ಕಥೆಯ ಕಾಲಕ್ಕಿಂತ ನಾಲ್ಕು ವರ್ಷ ಮುಂದಿನದು. ಇದನ್ನು ಕಂಡುಹಿಡಿದವರಿಗೆ ಸಂಭ್ರಮ, ಅರ್ಧ ಪುಟ ಅದಕ್ಕೇ ಮೀಸಲಿಡುತ್ತಾರೆ. ಒಂದು ಸಾಲು ಸಾಕು. ಅದಕ್ಕಿಂತ ಮುಖ್ಯವಾದದ್ದು ಮಪಾಚೆಯ ಜನ ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಾಕದೆ ಹೊಡೆಯಲು ಹೋಗಿ ಊರೆಲ್ಲ ಚದುರಿ ಓಡುವ ದೃಶ್ಯ. ನಗು ಬರುವಂತೆ ತೆಗೆದಿದ್ದಾರೆ. ಅದೇ ಗನ್ ಕೊನೆಗೆ ಸ್ಟ್ಯಾಂಡಿನ ಮೇಲೆ ಕೂರುತ್ತದೆ, ಆಗ ಯಾರೂ ನಗುವುದಿಲ್ಲ.

ಮಾತಿನ ಲೆಕ್ಕ

ಸಾಮಾನಿನ ಪಟ್ಟಿ ಮುಗಿದ ಮೇಲೆ ಪೈಕನಿಗೆ ಒಂದು ಪ್ರತ್ಯೇಕ ಹಾಳೆ. ಎಡಕ್ಕೆ ಅವನು ಹೇಳಿದ್ದು, ಬಲಕ್ಕೆ ಮಾಡಿದ್ದು. ಒಬ್ಬನ ಜೊತೆ ನಿಂತರೆ ಕೊನೆಯವರೆಗೂ ನಿಲ್ಲಬೇಕು, ಇಲ್ಲದಿದ್ದರೆ ಪ್ರಾಣಿಗೂ ನಮಗೂ ಭೇದವಿಲ್ಲ ಎನ್ನುತ್ತಾನೆ. ಬಲ ಕಾಲಂನಲ್ಲಿ: ಮೊದಲ ದರೋಡೆಯ ರೈಲು ಕಚೇರಿಯಲ್ಲಿ ತಂಡದ ಕ್ರೇಜಿ ಲೀಯನ್ನು ಬಿಟ್ಟು ಬಂದ, ಹಿಂದೊಮ್ಮೆ ಥಾರ್ನ್‌ಟನ್‌ನನ್ನು ಬಿಟ್ಟು ಓಡಿದ, ಗಾಯಗೊಂಡ ಮುದುಕ ಸೈಕ್ಸ್‌ನನ್ನು ಬಿಟ್ಟ, ಏಂಜೆಲ್‌ನನ್ನು ಬಿಟ್ಟ. ನಾಲ್ಕು ಸಲ. ಎಡ ಬಲ ಕೂಡಿಬರುವುದು ಒಮ್ಮೆ ಮಾತ್ರ, ಕೊನೆಯಲ್ಲಿ.

ಥಾರ್ನ್‌ಟನ್‌ಗೆ ಹ್ಯಾರಿಗನ್ ಮೂವತ್ತು ದಿನ ಕೊಟ್ಟಿದ್ದಾನೆ: ಪೈಕನನ್ನು ತರಬೇಕು, ಇಲ್ಲವೇ ಯೂಮಾ ಜೈಲಿಗೆ ವಾಪಸ್. ಅವನು ಮಾತು ಕೊಟ್ಟಿದ್ದಾನಲ್ಲ ಎಂದು ಪೈಕ್ ಅವನ ಪರ ವಹಿಸಿದಾಗ, ಜೊತೆಗಾರ ಡಚ್ ಸಿಡಿಯುತ್ತಾನೆ: ಮಾತು ಕೊಡುವುದು ದೊಡ್ಡದಲ್ಲ, ಯಾರಿಗೆ ಕೊಡುತ್ತೀ ಎಂಬುದು ದೊಡ್ಡದು. ಈ ಜಗಳವನ್ನು ಬಿಟ್ಟು ಬರೆದ ಪ್ರಬಂಧ ಯಾವುದೂ ಪೂರ್ತಿಯಾಗದು. ‘ಇವರಲ್ಲಿ ಯಾರು ಛಲೋ, ಯಾರು ಕೆಟ್ಟ?’ ಎಂದು ಚರ್ಚೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಅವರನ್ನು ಈ ಜಗಳಕ್ಕೆ ಕರೆತನ್ನಿ.

ನಗುವನ್ನೂ ಎಣಿಸಿ. ವಾಷರ್ ಕಂಡು ಜಗಳ ಶುರುವಾಗಿ ಕೊನೆಗೆ ಎಲ್ಲರೂ ನಗುತ್ತಾರೆ. ಬಾಟಲಿ ಕೈಯಿಂದ ಕೈಗೆ ದಾಟಿ ಕೊನೆಯವನಿಗೆ ಖಾಲಿ ಸಿಕ್ಕಾಗ ನಗುತ್ತಾರೆ. ಸತ್ತ ಮೇಲೂ ಅವರ ನಗುವ ಮುಖಗಳು ತೆರೆಯ ಮೇಲೆ ಬರುತ್ತವೆ. ಪ್ರತಿ ನಗುವಿನ ಮುಂದೆ ‘ಯಾರು ನಗಲಿಲ್ಲ’ ಎಂದೂ ಬರೆಯಿರಿ.

ಎರಡು ನಿಮಿಷ, ಶಾಟ್ ಶಾಟ್

ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ. ಮೊದಲ ದರೋಡೆಯ ಗುಂಡಿನ ಕಾಳಗದಿಂದ ಎರಡು ನಿಮಿಷ ತೆಗೆದುಕೊಳ್ಳಿ. ಕಾಲಂ: ಶಾಟ್ ಸಂಖ್ಯೆ, ಶುರುವಾದ ಸಮಯ, ಎಷ್ಟು ಸೆಕೆಂಡು, ದೂರ ಮಧ್ಯಮ ಹತ್ತಿರ, ವೇಗ, ಸದ್ದು. ಇದಕ್ಕೆ ಮೂರು ನಾಲ್ಕು ತಾಸು ಹಿಡಿಯುತ್ತದೆ, ಒಂದೇ ದಿನ ಮುಗಿಸಲು ಹೋದರೆ ಅರ್ಧಕ್ಕೆ ಬಿಡುತ್ತೀರಿ.

ಮುಗಿದ ಮೇಲೆ 120 ಸೆಕೆಂಡನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿ. ಇದು ಆ ತುಣುಕಿನ ಸರಾಸರಿ. ಇದನ್ನೇ ಕೊನೆಯ ನಾಲ್ವರ ನಡಿಗೆಗೂ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಇಡೀ ಚಿತ್ರದಲ್ಲಿ ಮೂರು ಸಾವಿರದ ಆರುನೂರು ಚಿಲ್ಲರೆ ಕಟ್ ಇವೆ ಎಂಬ ಸಂಖ್ಯೆ ಎಲ್ಲೆಡೆ ಓಡಾಡುತ್ತದೆ. ಅದನ್ನು ನಕಲು ಮಾಡಬೇಡಿ; ನೀವು ಎಣಿಸಿದ ಎರಡು ನಿಮಿಷಕ್ಕೆ ಅದಕ್ಕಿಂತ ಬೆಲೆ ಹೆಚ್ಚು.

ಎಣಿಸುವಾಗ ತಪ್ಪುವುದು ಒಂದೇ ಕಡೆ. ಛಾವಣಿಯಿಂದ ಒಬ್ಬ ಬೀಳುತ್ತಾನೆ, ಅವನು ಕೆಳಗೆ ಮುಟ್ಟುವ ಮೊದಲೇ ಬೇರೆ ಕಡೆ ಕಟ್ ಆಗುತ್ತದೆ, ಮತ್ತೆ ಅವನ ಬೀಳುವಿಕೆಗೆ ವಾಪಸ್. ಇದನ್ನು ಬೇರೆ ಬೇರೆ ಜನ ಎಂದು ಬರೆದರೆ ಹಾಳೆ ಗೊಂದಲವಾಗುತ್ತದೆ. ಒಂದೇ ಕ್ರಿಯೆಯ ತುಂಡುಗಳಿಗೆ ಅ1, ಅ2, ಅ3 ಎಂದು ಗುರುತು ಹಾಕಿ. ಆಗ ಸಂಕಲನಕಾರ ಲೂ ಲೊಂಬಾರ್ಡೊ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ: ನಿಧಾನದ ತುಂಡುಗಳ ನಡುವೆ ಸಾಮಾನ್ಯ ವೇಗದ ತುಂಡುಗಳನ್ನು ಹೆಣೆದಿದ್ದಾರೆ. ಇದಕ್ಕಾಗಿ ಒಂದೇ ಕ್ರಿಯೆಯನ್ನು ಹಲವು ಕ್ಯಾಮೆರಾಗಳಲ್ಲಿ ಬೇರೆ ಬೇರೆ ವೇಗದಲ್ಲಿ ಚಿತ್ರಿಸಿದ್ದರು. ಸೆಕೆಂಡಿಗೆ 120 ಚೌಕಟ್ಟು ತೆಗೆದು 24ರಲ್ಲಿ ಓಡಿಸಿದರೆ ಐದು ಪಟ್ಟು ನಿಧಾನ, 60ರದ್ದು ಎರಡೂವರೆ ಪಟ್ಟು. ‘ಸ್ಲೋ ಮೋಷನ್ ಬಳಸಿದ್ದಾರೆ’ ಎಂದಷ್ಟೇ ಬರೆದರೆ ಸಾಲದು. ನಿಧಾನದ ತುಂಡು ಎಷ್ಟು ಹೊತ್ತು ನಿಲ್ಲುತ್ತದೆ, ಅದರ ಮುಂದೆ ಹಿಂದೆ ಏನಿದೆ ಎಂದು ಬರೆಯಿರಿ.

ಇಷ್ಟು ರಕ್ತ ತೋರಿಸಲು ಆಗ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ನೇರ ಉತ್ತರವಿದೆ: ಹಾಲಿವುಡ್ಡಿನ ಹಳೆಯ ನಿರ್ಬಂಧಗಳ ಜಾಗಕ್ಕೆ 1968ರ ನವೆಂಬರಿನಲ್ಲಿ ವಯಸ್ಸಿನ ದರ್ಜೆ ಪದ್ಧತಿ ಬಂತು. ಆಗ ನಡೆಯುತ್ತಿದ್ದ ವಿಯೆಟ್ನಾಂ ಯುದ್ಧವನ್ನು ಪ್ರಬಂಧಕ್ಕೆ ತರಬೇಕೆನಿಸಿದರೆ ಯಾವುದಾದರೂ ಒಂದು ಶಾಟಿಗೆ ಬೆರಳಿಟ್ಟು ತನ್ನಿ, ಇಲ್ಲವೇ ಬಿಡಿ.

ನಮ್ಮ ಕಥೆಗಳ ಪಕ್ಕ ಇಡುವಾಗ

ಹೋಲಿಕೆ ಮಾಡುವವರು ತಕ್ಷಣ ‘ಶೋಲೆ’ಗೆ ಹೋಗುತ್ತಾರೆ: ರೈಲು, ಕುದುರೆ, ರಾಮನಗರದ ಬಂಡೆ. ಅದು ತೋರಿಕೆಯ ಹೋಲಿಕೆ. ಅದಕ್ಕಿಂತ ಹಲಗಲಿ ಬೇಡರ ಲಾವಣಿಯನ್ನು ಪಕ್ಕಕ್ಕಿಡಿ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಬಂತು, ಒಪ್ಪಿಸಲಿಲ್ಲ, ಊರೇ ಸುಟ್ಟುಹೋಯಿತು. ಅಲ್ಲಿಯೂ ಆಯುಧ ಯಾರ ಕೈಯಲ್ಲಿರಬೇಕು ಎಂಬುದೇ ಜಗಳ. ಆದರೆ ಹಲಗಲಿಯವರಿಗೆ ಊರಿತ್ತು, ಪೈಕನ ತಂಡಕ್ಕೆ ಊರಿಲ್ಲ. ಊರು ಇರುವವನು ಏಂಜೆಲ್ ಒಬ್ಬನೇ, ಬಂದೂಕು ಬೇಡಿದವನೂ ಅವನೇ. ಹೋಲಿಕೆಯಲ್ಲಿ ಸಾಮ್ಯಕ್ಕೆ ಒಂದು ಸಾಲು ಕೊಟ್ಟು ವ್ಯತ್ಯಾಸಕ್ಕೆ ಒಂದು ಪ್ಯಾರಾ ಕೊಡಿ.

ಬರೆಯುವಾಗ

ಸಾವಿರದ ಇನ್ನೂರು ಪದಕ್ಕೆ ಎರಡು ವಸ್ತು, ಒಂದು ತುಣುಕು ಸಾಕು. ಮೂರನೆಯ ವಸ್ತು ಸೇರಿಸಿದರೆ ಎಲ್ಲವೂ ಮೇಲೆ ಮೇಲೆ ಆಗುತ್ತದೆ. ಕಥೆ ಹೇಳಲು ಐದು ಸಾಲಿಗಿಂತ ಹೆಚ್ಚು ಬಳಸಬೇಡಿ. ‘ಕಾರು ಆಧುನಿಕತೆಯ ಸಂಕೇತ’ ಎಂಬ ಸಾಲು ಕಂಡರೆ ಹೊಡೆದು ಹಾಕಿ, ‘ಊರು ಬೆರಗಾಗಿ ನೋಡಿದ ಕಾರಿಗೇ ಏಂಜೆಲ್‌ನನ್ನು ಕಟ್ಟಿ ಎಳೆಯುತ್ತಾರೆ’ ಎಂದು ಬರೆಯಿರಿ. ಎರಡನೆಯದಕ್ಕೆ ‘ಸಂಕೇತ’ ಎಂಬ ಪದದ ಹಂಗಿಲ್ಲ.

ನಿಮ್ಮ ವಾದಕ್ಕೆ ಒಗ್ಗದ ಒಂದು ದೃಶ್ಯವನ್ನಾದರೂ ಬಿಡದೆ ಸೇರಿಸಿ. ಮಪಾಚೆ ಏಂಜೆಲ್‌ನ ಕತ್ತು ಕೊಯ್ದ ತಕ್ಷಣ ಮಪಾಚೆಗೆ ಗುಂಡು ಬೀಳುತ್ತದೆ, ಆಮೇಲೆ ಒಂದು ಮೌನ. ಸುತ್ತಲಿನ ಸೈನಿಕರು ಕೈ ಎತ್ತಿ ನಿಂತಿದ್ದಾರೆ. ನಾಲ್ವರು ಹಾಗೇ ಹಿಂದೆ ಸರಿದು ಹೋಗಬಹುದಿತ್ತು. ಪೈಕ್ ತಿರುಗಿ, ಮಪಾಚೆಗೆ ಸಲಹೆಗಾರನಾಗಿದ್ದ ಜರ್ಮನ್ ಅಧಿಕಾರಿಯತ್ತ ಗುರಿ ಇಡುತ್ತಾನೆ. ಪೆಟ್ಟಿಗೆಗಳ ಲೆಕ್ಕ ಮಪಾಚೆಯ ಸಾವಿನವರೆಗೆ ವಿವರಣೆ ಕೊಡುತ್ತದೆ, ಈ ಎರಡನೆಯ ಗುಂಡಿಗೆ ಕೊಡುವುದಿಲ್ಲ. ಆ ಮೌನ ಎಷ್ಟು ಸೆಕೆಂಡು ಇದೆ, ಅದರಲ್ಲಿ ಎಷ್ಟು ಮುಖಗಳು ಬರುತ್ತವೆ ಎಂದು ಎಣಿಸಿ ಬರೆಯಿರಿ. ಸಮಯ ನಮೂದಿಸುವಾಗ ನಿಮ್ಮ ಪ್ರತಿ 145ರದ್ದೋ 139ರದ್ದೋ ಎಂದು ಮೊದಲ ಪುಟದಲ್ಲೇ ಹೇಳಿ. 139ರ ಪ್ರತಿಯಲ್ಲಿ ಎಣಿಸಿದ ಸೆಕೆಂಡುಗಳನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದರೆ ಮೂಲದ ಅಳತೆ ಸಿಗುತ್ತದೆ.